ಶುಗರ್ ಇರುವವರು ಲಿಪಿಡ್ ರಿಪೋರ್ಟ್ ಓದುವುದು ಹೇಗೆ?

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಮೊದಲ ಸಾಲಿಗೆ ಹೋಗುತ್ತದೆ. ನಮ್ಮ ದೊಡ್ಡಪ್ಪನೂ ಹಾಗೇ. ‘ಒಟ್ಟು ಕೊಲೆಸ್ಟ್ರಾಲ್ 180, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 94, ಏನೂ ತೊಂದರೆಯಿಲ್ಲ’ ಎಂದು ಮಡಚಿ ಬೀರುವಿನಲ್ಲಿಟ್ಟರು. ಹತ್ತು ವರ್ಷದಿಂದ ಶುಗರ್ ಇರುವ ಮನುಷ್ಯ. ಅದೇ ಹಾಳೆಯಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿ ಹರಿಯುವ ಕೊಬ್ಬು) 260, ಎಚ್‌ಡಿಎಲ್ (ಒಳ್ಳೆಯದು ಎನ್ನುವ ಕೊಲೆಸ್ಟ್ರಾಲ್) 34 ಎಂದಿದ್ದುದನ್ನು ಯಾರೂ ನೋಡಲಿಲ್ಲ.

1. ರಾತ್ರಿ ಊಟದ ಮೇಲೆ 10–12 ಗಂಟೆ ಬರೀ ನೀರು ಕುಡಿದಿದ್ದು ಬೆಳಿಗ್ಗೆ ರಕ್ತ ಕೊಡಿ. ಇನ್ಸುಲಿನ್, ಮಾತ್ರೆಯ ವಿಚಾರ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಪರೀಕ್ಷೆಗಾಗಿ ಮೂರು ದಿನ ಪಥ್ಯ ಮಾಡುವುದು ಬೇಡವೇ ಬೇಡ, ದಿನಾ ತಿನ್ನುವುದನ್ನೇ ತಿನ್ನಿ.

2. ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಎರಡನ್ನೂ ಜೊತೆಗಿಟ್ಟು ನೋಡಿ. ಮೊದಲನೆಯದು 150ರೊಳಗಿರಬೇಕು. ಎರಡನೆಯದು ಗಂಡಸರಿಗೆ 40, ಹೆಂಗಸರಿಗೆ 50 ದಾಟಿರಬೇಕು. ಒಂದು ಏರಿ ಇನ್ನೊಂದು ಇಳಿದಿದ್ದರೆ ಕಾರಣವನ್ನು ಯಕೃತ್ತಿನಲ್ಲಿ ಹುಡುಕಬೇಕು.

ಇನ್ಸುಲಿನ್ ಸಕ್ಕರೆ ಇಳಿಸುವುದಷ್ಟೇ ಅಲ್ಲ, ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ಹರಿಯದಂತೆಯೂ ತಡೆಯುತ್ತದೆ. ಟೈಪ್ 2 ಮಧುಮೇಹದಲ್ಲಿ ಮೈ ಇನ್ಸುಲಿನ್ ಮಾತು ಕೇಳದೆ ಆ ತಡೆ ಸಡಿಲವಾಗಿ ಕೊಬ್ಬಿನಾಮ್ಲಗಳು ಯಕೃತ್ತಿಗೆ ಸುರಿಯುತ್ತವೆ. ಇತ್ತ ರಕ್ತದಲ್ಲಿ ಹೆಚ್ಚಿದ ಇನ್ಸುಲಿನ್, ತಿಂದ ಅನ್ನ ಸಕ್ಕರೆಯಿಂದಲೂ ಯಕೃತ್ತಿನ ಕೈಲಿ ಹೊಸ ಕೊಬ್ಬು ಮಾಡಿಸುತ್ತದೆ. ಅದರಲ್ಲಿ ಒಂದಿಷ್ಟು ಅಲ್ಲೇ ಕೂರುತ್ತದೆ, ಅದೇ ಫ್ಯಾಟಿ ಲಿವರ್. ಮಿಕ್ಕದ್ದು ವಿಎಲ್‌ಡಿಎಲ್ ಎಂಬ ಕೊಬ್ಬು ಹೊರುವ ಕಣಗಳಲ್ಲಿ ತುಂಬಿ ರಕ್ತಕ್ಕೆ ಇಳಿಯುತ್ತದೆ. ಈ ಕಣಗಳು ತಮ್ಮ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್, ಎಲ್‌ಡಿಎಲ್‌ಗಳಿಗೆ ಕೊಟ್ಟು ಅವುಗಳ ಕೊಲೆಸ್ಟ್ರಾಲ್ ಪಡೆಯುತ್ತವೆ. ಆಮೇಲೆ ಎಚ್‌ಡಿಎಲ್ ಬೇಗ ಬೇಗ ಖಾಲಿಯಾಗುತ್ತದೆ, ಎಲ್‌ಡಿಎಲ್ ಕುಗ್ಗಿ ಸಣ್ಣ ದಟ್ಟ ಕಣವಾಗುತ್ತದೆ. ಅಷ್ಟೇ ಕೊಲೆಸ್ಟ್ರಾಲ್ ಹೊರಲು ಸಣ್ಣ ಕಣಗಳು ಹೆಚ್ಚು ಬೇಕು. ದೊಡ್ಡಪ್ಪನ 94 ನಂಬಿಕೆಗೆ ಸಾಲದ್ದು ಇದಕ್ಕೇ. ಅದೂ ಅಳೆದದ್ದಲ್ಲ, ಒಟ್ಟಿನಿಂದ ಎಚ್‌ಡಿಎಲ್ ಪೂರ್ತಿ, ಜೊತೆಗೆ ಟ್ರೈಗ್ಲಿಸರೈಡಿನ ಐದರಲ್ಲೊಂದು ಪಾಲು ಕಳೆದು ಹಾಕಿದ್ದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದೇ ಇಲ್ಲ.

3. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆಯಿರಿ: 180ರಲ್ಲಿ 34 ಹೋದರೆ 146. ಶುಗರ್ ಇದ್ದವರಿಗೆ ಇದು 130ರೊಳಗಿರಬೇಕು, ಹೃದಯದ ತೊಂದರೆಯಿದ್ದರೆ ಇನ್ನೂ ಕಡಿಮೆ. ನಾನಾದರೆ ಮೊದಲು ನೋಡುವುದು ಇದನ್ನೇ.

‘ಕೊಲೆಸ್ಟ್ರಾಲ್ ಫ್ರೀ’ ಎಂದು ಬರೆದ ಎಣ್ಣೆಗೆ ಹೆಚ್ಚು ದುಡ್ಡು ಕೊಡಬೇಡಿ. ಕಡಲೆಕಾಯಿ, ಸೂರ್ಯಕಾಂತಿ, ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಲಿವರ್ ಶುದ್ಧ ಮಾಡುವ ಪುಡಿಗಳನ್ನಂತೂ ಮನೆಗೆ ತರಬೇಡಿ. ತಟ್ಟೆಯ ಅನ್ನ ಅರ್ಧಕ್ಕಿಳಿಸಿ, ಊಟವಾದ ಮೇಲೆ ನಡೆಯಿರಿ.

4. ಯಕೃತ್ತನ್ನೂ ಪರೀಕ್ಷಿಸಿ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವ ಎಸ್‌ಜಿಪಿಟಿ ಸರಿಯಿದ್ದರೂ ಕೊಬ್ಬು ಇರಬಹುದು. ಯಕೃತ್ತು ಕಲೆಗಟ್ಟಿ ಗಟ್ಟಿಯಾಗುತ್ತಿದೆಯೇ ಎಂದು ಅಂದಾಜಿಸಲು, ವಯಸ್ಸನ್ನು ಎಸ್‌ಜಿಒಟಿಯಿಂದ (ಅದೇ ವರದಿಯ ಇನ್ನೊಂದು ಕಿಣ್ವ) ಗುಣಿಸಿ, ಪ್ಲೇಟ್‌ಲೆಟ್‌ನಿಂದಲೂ (2.5 ಲಕ್ಷವಿದ್ದರೆ 250 ಎಂದು ಹಿಡಿಯಿರಿ) ಎಸ್‌ಜಿಪಿಟಿಯ ವರ್ಗಮೂಲದಿಂದಲೂ ಭಾಗಿಸಿ. ಉತ್ತರ 1.3 ಮುಟ್ಟಿದರೆ ಫೈಬ್ರೋಸ್ಕ್ಯಾನ್ (ಯಕೃತ್ತಿನ ಗಟ್ಟಿತನ ಅಳೆಯುವ ಸ್ಕ್ಯಾನ್) ಬೇಕೇ ಎಂದು ವೈದ್ಯರನ್ನು ಕೇಳಿ.