ಟೆಕ್ಸಾಸ್‌ಗೆ ಹೊಂಟಿರೋ ಮೈಸೂರು-ಮಂಡ್ಯದ ಹೈಕ್ಳಿಗೆ: ಜಿಂಕೆ ಬೇಟೆಗೆ ಭುಜ ಒದೆಯದ ರೈಫಲ್ಲು

ಆಸ್ಟಿನ್, ಸ್ಯಾನ್ ಆಂಟೋನಿಯೋ ಕಡೆ ಕೆಲಸಕ್ಕೆ ಹೋದ ನಮ್ಮವರಿಗೆ ಅಕ್ಟೋಬರ್ ಬಂತು ಅಂದ್ರೆ ಆಫೀಸಲ್ಲಿ ಯಾರಾದ್ರೂ ಒಬ್ರು ಕರೆದೇ ಕರೀತಾರೆ, ಡೀರ್ ಲೀಸ್‌ಗೆ (ಬೇಟೆಗೆ ಅಂತ ಬಾಡಿಗೆಗೆ ತಗೊಂಡಿರೋ ಜಮೀನು) ಬಾ, ಗನ್ ಇಲ್ದಿದ್ರೆ ನಾನೇ ಕೊಡ್ತೀನಿ ಅಂತ. ನಮ್ ಹುಡುಗ್ರು ಹೂಂ ಅಂದ್ಬಿಡ್ತಾರೆ, ಆಮೇಲೆ ನಂಗೆ ಫೋನು, ಅಣ್ಣ ಯಾವ ರೈಫಲ್ ತಗೊಳ್ಳಿ ಅಂತ. ಈಗ ರಜಕ್ಕೆ ಮೈಸೂರಿಗೆ ಬಂದಿದೀನಿ, ಇಲ್ಲೂ ಅದೇ ಪ್ರಶ್ನೆ, ವೀಸಾ ಸ್ಟ್ಯಾಂಪಿಂಗ್ ಆಗಿರುತ್ತೆ, ಇನ್ನೂ ಸೂಟ್‌ಕೇಸೂ ತಗೊಂಡಿರಲ್ಲ, ಆಗ್ಲೇ ಯೂಟ್ಯೂಬ್ ನೋಡ್ಕೊಂಡು ಮ್ಯಾಗ್ನಮ್ ಅನ್ನೋ ಭಾರೀ ಗುಂಡಿನ ಮಾತಾಡ್ತವೆ. ಅದಕ್ಕೇ ಒಂದೇ ಸಲ ಎಲ್ಲಾ ಬರೆದು ಹಾಕ್ತಿದೀನಿ. ನಾನು ಹೇಳೋದು ಇಷ್ಟೆ: ಜಿಂಕೆಗೆ ದೊಡ್ಡ ಗನ್ ಬೇಕಾಗಿಲ್ಲ, ನಿಮ್ ಭುಜ ಹೆದರದೇ ಇರೋ ಗನ್ ಬೇಕು.

ಮೊದ್ಲೇ ಹೇಳ್ಬಿಡ್ತೀನಿ, ಇದೆಲ್ಲ ಅಲ್ಲಿ ಮಾತು. ಇಲ್ಲಿ ಬಂಡೀಪುರ, ನಾಗರಹೊಳೆ ರಸ್ತೇಲಿ ಕಾಣೋ ಚುಕ್ಕೆ ಜಿಂಕೆ, ಕಡವೆ ಎಲ್ಲಾ 1972ರ ವನ್ಯಜೀವಿ ಕಾಯ್ದೆ ಕೆಳಗೆ ಬರೋವು, ಹೊಡೆದ್ರೆ ಜೈಲೇ. ತಮಾಷೆ ಏನಪ್ಪ ಅಂದ್ರೆ ಅದೇ ಚುಕ್ಕೆ ಜಿಂಕೇನ 1930ರ ದಶಕದಲ್ಲಿ ಟೆಕ್ಸಾಸ್‌ಗೆ ತಗೊಂಡೋಗಿ ಬಿಟ್ರು, ಈಗ ಅಲ್ಲಿ ಹಿಲ್ ಕಂಟ್ರಿ ಅನ್ನೋ ಗುಡ್ಡಗಾಡು ತುಂಬ ಅವೇ, ಬೇಲಿ ಹಾರ್ಕೊಂಡು ಓಡಾಡ್ತವೆ. ಅಲ್ಲಿಯೋರಿಗೆ ಅದು ಆಕ್ಸಿಸ್ ಡೀರ್. ಹೊರಗಿನ ಪ್ರಾಣಿ ಅಂತ ಲೆಕ್ಕ, ಆದ್ರಿಂದ ಸೀಸನ್ ಇಲ್ಲ, ಇಷ್ಟೇ ಹೊಡೀಬೇಕು ಅನ್ನೋ ಲಿಮಿಟ್ಟೂ ಇಲ್ಲ, ಹಂಟಿಂಗ್ ಲೈಸೆನ್ಸು, ಜಮೀನಿನೋನ ಒಪ್ಪಿಗೆ ಇವೆರಡು ಇದ್ರೆ ವರ್ಷಪೂರ್ತಿ ನಡೀತದೆ. ಅಲ್ಲಿಯದೇ ಜಿಂಕೆ ವೈಟ್‌ಟೇಲ್‌ಗೆ ಮಾತ್ರ ಸೀಸನ್ನು, ಟ್ಯಾಗು (ಹೊಡೆದ ಜಿಂಕೆಗೆ ಕಟ್ಟೋ ಲೈಸೆನ್ಸ್ ಚೀಟಿ) ಎಲ್ಲಾ ಇದೆ, ಗನ್ ಸೀಸನ್ನು ನವೆಂಬರ್ ಮೊದಲ ಶನಿವಾರ ಶುರುವಾಗುತ್ತೆ.

ಇನ್ನು ವೀಸಾ ವಿಷಯ, ಕ್ಯಾಲಿಬರ್‌ಗಿಂತ (ಅಂದ್ರೆ ಗುಂಡಿನ ದಪ್ಪ) ಮುಂಚೆ ಇದು. ಎಚ್-1ಬಿ, ಎಫ್-1, ಎಲ್-1, ಎಚ್-4 ಯಾವುದೇ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಇರೋರು ಅಮೆರಿಕದ ಫೆಡರಲ್ ಕಾನೂನು ಪ್ರಕಾರ ಗನ್ನಾಗ್ಲಿ ಗುಂಡಾಗ್ಲಿ ಇಟ್ಕೊಳ್ಳೋ ಹಾಗೇ ಇಲ್ಲ, ಅದಕ್ಕೆ ಇರೋ ಕೆಲವೇ ವಿನಾಯಿತಿಗಳಲ್ಲಿ ನಮ್ಮಂಥೋರಿಗೆ ಉಪಯೋಗಕ್ಕೆ ಬರೋದು ಒಂದೇ, ಅಲ್ಲಿನ ಯಾವುದಾದ್ರೂ ರಾಜ್ಯ ಕೊಟ್ಟ, ಅವಧಿ ಮುಗೀದೆ ಇರೋ ಹಂಟಿಂಗ್ ಲೈಸೆನ್ಸು. ಸ್ನೇಹಿತನ ಗನ್ ತಾನೆ, ನಂದಲ್ವಲ್ಲ ಅಂತ ಕೈಯಲ್ಲಿ ಹಿಡಿದ್ರೂ ಅದೇ ಲೆಕ್ಕ. ಟೆಕ್ಸಾಸ್ ಲೈಸೆನ್ಸು ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತೆ, ಸೆಪ್ಟೆಂಬರ್ 1ಕ್ಕೆ ರೈಫಲ್ಲು ಮನೆ ಕಪಾಟಲ್ಲಿ ಹಂಗೇ ಇದ್ದು ಲೈಸೆನ್ಸ್ ರಿನ್ಯೂ ಆಗಿಲ್ಲ ಅಂದ್ರೆ ಗ್ರೀನ್ ಕಾರ್ಡ್ ಕನಸಿಗೇ ಕಲ್ಲು ಬೀಳಬಹುದು, ನೂರಿನ್ನೂರು ಡಾಲರ್ ಖರ್ಚಾದ್ರೂ ಇಮಿಗ್ರೇಷನ್ ಲಾಯರ್‌ನ ಒಂದ್ಸಲ ಕೇಳ್ಕೊಳ್ಳಿ. ಗ್ರೀನ್ ಕಾರ್ಡ್ ಬಂದೋರಿಗೆ ಈ ತಡೆ ಇಲ್ಲ. ಇನ್ನೊಂದು, 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದೋರು ಅಂದ್ರೆ ನೀವೆಲ್ಲಾರೂ ಟೆಕ್ಸಾಸಲ್ಲಿ ಹಂಟರ್ ಎಜುಕೇಷನ್ ಕೋರ್ಸ್ ಮಾಡ್ಬೇಕು. ಆನ್‌ಲೈನ್ ಇದೆ, ಆದ್ರೆ ಆದಷ್ಟು ಕ್ಲಾಸಿಗೆ ಹೋಗಿ ಮಾಡಿ. ನಮ್ ಮಂಡ್ಯ ಕಡೆ ಹಂದಿ ಓಡಿಸೋಕೆ ಅಂತ ಬೆಳೆ ರಕ್ಷಣೆ ಲೈಸೆನ್ಸಲ್ಲಿ ಒಂದು ನಳಿಗೆ ಕೋವಿ ಇಟ್ಕೊಂಡಿರೋ ಮನೆಗಳು ಈಗ್ಲೂ ಇದಾವೆ, ಎಲೆಕ್ಷನ್ ಬಂದ್ರೆ ಸ್ಟೇಷನ್‌ಗೆ ಡಿಪಾಸಿಟ್ ಮಾಡ್ಬೇಕು, ಉಳಿದಂಗೆ ಅಟ್ಟದ ಮೇಲೆ. ಅಂಥ ಮನೇಲಿ ಬೆಳೆದೋರೂ ಹೆಚ್ಚಿನೋರು ಒಂದು ಗುಂಡೂ ಹಾರಿಸಿರಲ್ಲ. ಗನ್ ಮುಟ್ಟೋದು ಅಲ್ಲೇ ಹೊಸದಾಗಿ ಕಲೀಬೇಕು.

ಈಗ ಒದೆತದ ವಿಷಯ. ಗುಂಡು ಮುಂದಕ್ಕೆ ಹೋದಷ್ಟು ಗನ್ನು ಹಿಂದಕ್ಕೆ ಬರುತ್ತೆ, ಪಿಯುಸಿ ಫಿಸಿಕ್ಸು. ಗುಂಡಿನ ತೂಕ, ಮದ್ದಿನ ತೂಕ, ಗುಂಡು ಹೋಗೋ ವೇಗ, ಗನ್ನಿನ ತೂಕ, ಈ ನಾಲ್ಕು ಸೇರಿ ಎಷ್ಟು ಒದೆಯುತ್ತೆ ಅನ್ನೋದು ತೀರ್ಮಾನ ಆಗುತ್ತೆ. ಅಲ್ಲಿ ಅದನ್ನ ಫುಟ್-ಪೌಂಡ್ ಲೆಕ್ಕದಲ್ಲಿ ಹೇಳ್ತಾರೆ. ಏಳೆಂಟು ಪೌಂಡ್ ತೂಗೋ ರೈಫಲ್ ಅಂತ ಇಟ್ಕೊಂಡ್ರೆ (ಮುಂದೆ ಬರೋ ನಂಬರುಗಳೆಲ್ಲ ತೋಟಾ ಬಗೆಗಳ ಹೆಸ್ರು) .243 ವಿಂಚೆಸ್ಟರ್ ಅಂದಾಜು 9-10, 6.5 ಕ್ರೀಡ್‌ಮೂರ್ 12ರ ಆಸುಪಾಸು, 7ಎಂಎಂ-08 ಒಂದು 13, .308 ಒಂದು 17, .30-06 ಒಂದು 20, .300 ವಿನ್ ಮ್ಯಾಗ್ 25 ದಾಟುತ್ತೆ. ಕಾಗದದ ಮೇಲೆ 10ಕ್ಕೂ 20ಕ್ಕೂ ಏನು ಮಹಾ ಅನ್ಸುತ್ತೆ, ಬೆಂಚಲ್ಲಿ ಕೂತು ಇಪ್ಪತ್ತು ಗುಂಡು ಹೊಡೆದ್ರೆ ಗೊತ್ತಾಗುತ್ತೆ. .243 ಅಂದ್ರೆ ಕರು ಹಾಲು ಕುಡಿವಾಗ ಕೆಚ್ಚಲಿಗೆ ಗುದ್ದುತ್ತಲ್ಲ ಅಷ್ಟೆ, .300 ಮ್ಯಾಗ್ನಮ್ ಆದ್ರೆ ಮಾರನೇ ದಿನ ಶರ್ಟ್ ಹಾಕ್ಕೊಳ್ಳೋವಾಗ್ಲೂ ನೆನಪಾಗುತ್ತೆ.

ನೋವು ದೊಡ್ಡ ವಿಷಯ ಅಲ್ಲ ಬಿಡಿ, ಜಿಂಕೆ ಮುಂದೆ ಇರೋವಾಗ ಯಾರಿಗೂ ನೋವು ಗೊತ್ತಾಗಲ್ಲ. ತೊಂದರೆ ಬೇರೆ. ಶೂಟಿಂಗ್ ರೇಂಜಲ್ಲಿ ನಾಲ್ಕು ಸಲ ಗುದ್ದಿಸ್ಕೊಂಡ ಮೈ ಐದನೇ ಸಲ ಟ್ರಿಗರ್ ಎಳೆಯೋಕೆ ಮುಂಚೆನೇ ಕಣ್ ಮುಚ್ಚುತ್ತೆ, ಭುಜ ಮುಂದಕ್ಕೆ ತಳ್ಳುತ್ತೆ, ಗುಂಡು ಪಕ್ಕಕ್ಕೆ ಹೋಗುತ್ತೆ. ಫ್ಲಿಂಚ್ ಅಂತಾರೆ ಅದಕ್ಕೆ. ಒಂದ್ಸಲ ಮೈಗೆ ಹತ್ತಿದ್ರೆ ಬಿಡಿಸೋದು ತುಂಬ ಕಷ್ಟ, ಅದಕ್ಕೆ ಹತ್ತದಂಗೆ ನೋಡ್ಕೋಬೇಕು. ಟಾರ್ಗೆಟ್ ಪೇಪರ್ ಮೇಲೆ ನಾಲ್ಕಿಂಚು ತಪ್ಪಿದ್ರೆ ಪೇಪರ್ ಬದಲಾಯಿಸಬಹುದು, ಜಿಂಕೆ ಮೇಲೆ ತಪ್ಪಿದ್ರೆ ಹೊಟ್ಟೆಗೆ ಬಿದ್ದು ಅದು ಎರಡು ದಿನ ನರಳಿ ಎಲ್ಲೋ ಪೊದೇಲಿ ಸಾಯುತ್ತೆ, ಯಾರಿಗೂ ಸಿಗಲ್ಲ. ಅಂಥ ಪಾಪ ಕಟ್ಕೋಬೇಡಿ.

ಕ್ಯಾಲಿಬರ್‌ಗೆ ಬರ್ತೀನಿ. .243 ವಿಂಚೆಸ್ಟರ್ 1955ರಲ್ಲಿ ಬಂತು, .308ರ ಕೇಸನ್ನೇ (ಮದ್ದು ತುಂಬೋ ಹಿತ್ತಾಳೆ ಕೊಳವೆ) ಕುತ್ತಿಗೆ ಹತ್ರ ಸಣ್ಣ ಮಾಡಿ 6 ಎಂಎಂ ಗುಂಡು ಕೂರಿಸಿದ್ದು. 90ರಿಂದ 100 ಗ್ರೇನ್ (ಗುಂಡು ತೂಗೋ ಸಣ್ಣ ಅಳತೆ) ಗುಂಡು ಸೆಕೆಂಡ್‌ಗೆ ಮೂರು ಸಾವಿರ ಅಡಿ ಹತ್ರ ಹತ್ರ ಹೋಗುತ್ತೆ, ಅಲ್ಲಿ ಎಷ್ಟೋ ಮಕ್ಕಳ ಮೊದಲ ಡೀರ್ ರೈಫಲ್ ಇದೇ. ಮೈಕಟ್ಟು ಸಣ್ಣ ಇರೋರು, ಹೆಂಗಸ್ರು, ಭುಜದ ನೋವು ಇರೋರು ಕಣ್ಮುಚ್ಕೊಂಡು ಇದನ್ನ ತಗೋಬಹುದು. ಆದ್ರೆ ಒಂದು ಮಾತು, ಅಂಗಡೀಲಿ .243 ಬಾಕ್ಸ್ ಅಂತ ಸಿಗೋದ್ರಲ್ಲಿ 55, 58 ಗ್ರೇನಿನ ಹಗುರ ಗುಂಡುಗಳೂ ಇರ್ತವೆ, ಅವು ಸಣ್ಣ ಪ್ರಾಣಿಗೆ ಮಾಡಿರೋವು, ಬಿದ್ದ ತಕ್ಷಣ ಪುಡಿಯಾಗುತ್ತೆ, ಜಿಂಕೆಯ ಭುಜದ ಮೂಳೆಗೆ ತಗುಲಿದ್ರೆ ಒಳಗೇ ಹೋಗಲ್ಲ. ಬಾಕ್ಸ್ ಮೇಲೆ ಗ್ರೇನ್ ನೋಡಿ ತಗೊಳ್ಳಿ.

6.5 ಕ್ರೀಡ್‌ಮೂರ್ 2007ರದು, ಗುಂಡು ತಯಾರಿಸೋ ಹಾರ್ನಡಿ ಕಂಪನಿಯೋರು ಟಾರ್ಗೆಟ್ ಶೂಟಿಂಗ್‌ಗೆ ಅಂತ ಮಾಡಿದ್ದು, ಈಗ ಬೇಟೆಯೋರೇ ಜಾಸ್ತಿ ತಗೋತಾರೆ. 140 ಗ್ರೇನಿನ ಉದ್ದನೆ ಗುಂಡು 2700 ಅಡಿ ವೇಗದಲ್ಲಿ ಹೋಗುತ್ತೆ, ಗಾಳಿಗೆ ಅಷ್ಟಾಗಿ ಬಾಗಲ್ಲ, ಒಳಗೆ ಚೆನ್ನಾಗಿ ಇಳಿಯುತ್ತೆ. ಇದನ್ನ ಕಂಡ್ರೆ ಹಳೇ ಬೇಟೆಗಾರರು ನಗ್ತಾರೆ, ಹುಡುಗ್ರ ಫ್ಯಾಷನ್ ಅಂತ. ನಗ್ಲಿ ಬಿಡಿ. 7ಎಂಎಂ-08 ರೆಮಿಂಗ್ಟನ್ 1980ರದು, ಇದೂ .308 ವಂಶದ್ದೇ, 140 ಗ್ರೇನು, 2800 ಅಡಿ. ಜಿಂಕೆ ಮೇಲೆ ಕೆಲಸ ಮಾಡೋದ್ರಲ್ಲಿ ನನ್ ಮನಸ್ಸಿಗೆ ಹತ್ರ ಆಗಿರೋದು ಇದೇ, ಸ್ವಲ್ಪ ದಪ್ಪ ಗುಂಡು, ಒದೆತ ತಡೀಬಹುದು, ಆದ್ರೆ ಸಣ್ಣ ಊರಿನ ಅಂಗಡಿಗೆ ಹೋಗಿ ಕೇಳಿದ್ರೆ 6.5 ಕ್ರೀಡ್‌ಮೂರ್ ನಾಲ್ಕು ಬಗೆ ಇರುತ್ತೆ, 7ಎಂಎಂ-08 ಒಂದು ಬಾಕ್ಸ್ ಇದ್ರೆ ಪುಣ್ಯ. ಹೊಸಬರಿಗೆ ಗುಂಡು ಸಿಗೋದೇ ಮುಖ್ಯ, ಪ್ರಾಕ್ಟೀಸ್ ಮಾಡ್ಬೇಕಲ್ಲ. ಅದಕ್ಕೆ ಯಾರಾದ್ರೂ ಒಂದೇ ಹೆಸ್ರು ಹೇಳಣ್ಣ ಅಂದ್ರೆ ನಾನು 6.5 ಕ್ರೀಡ್‌ಮೂರ್ ಅಂತೀನಿ, ಒದೆತಕ್ಕೆ ತುಂಬ ಹೆದರೋರಿಗೆ .243.

ಸ್ನೇಹಿತ ಕೊಡೋ ರೈಫಲ್ಲು ಹೆಚ್ಚಾಗಿ .308ಓ .30-06ಓ ಆಗಿರುತ್ತೆ. ಅದ್ರಲ್ಲಿ ತಪ್ಪಿಲ್ಲ, .30-06 ಅನ್ನೋದು 1906ರಿಂದ ಜಿಂಕೆ ಬೀಳಿಸ್ಕೊಂಡೇ ಬಂದಿರೋದು. ಆ ಎರಡಕ್ಕೂ ಒದೆತ ಕಮ್ಮಿ ಮಾಡಿರೋ ತೋಟಾ ಸಿಗ್ತವೆ, ಹಾರ್ನಡಿ ಕಸ್ಟಮ್ ಲೈಟ್ ಅಂತ ಒಂದಿದೆ, ನೂರೈವತ್ತು ಗಜದೊಳಗೆ ಧಾರಾಳ ಸಾಕು, ಕಾಸು ನೀವು ಕೊಟ್ಟು ಒಂದೆರಡು ಬಾಕ್ಸ್ ತಗೊಂಡೋಗಿ, ಆದ್ರೆ ಗುಂಡು ಬದಲಾದ್ರೆ ಬೀಳೋ ಜಾಗನೂ ಬದಲಾಗುತ್ತೆ, ರೇಂಜಲ್ಲಿ ಸ್ಕೋಪ್ ಮತ್ತೆ ಝೀರೋ ಮಾಡ್ಕೊಂಡೇ (ಗುರಿಗೆ ಸರಿ ಹೊಂದಿಸ್ಕೊಂಡೇ) ಹೋಗ್ಬೇಕು. ಹಳೇ ಲಿವರ್ ಆಕ್ಷನ್ (ಕೆಳಗಿನ ಹಿಡಿ ಎಳೆದು ಗುಂಡು ತುಂಬೋ) .30-30 ಸಿಕ್ರೂ ಒಳ್ಳೇದೇ, ಪೊದೆ ಜಾಸ್ತಿ ಇರೋ ಕಡೆ ಹತ್ರದ ಹೊಡೆತಕ್ಕೆ. ಅದರ ಗುಂಡುಗಳು ಕೊಳವೆ ಮ್ಯಾಗಜಿನ್ನಲ್ಲಿ ಒಂದರ ಹಿಂದೆ ಒಂದು ಕೂತ್ಕೊಳ್ಳೋದ್ರಿಂದ ಚೂಪು ಮೂತಿಯ ಗಟ್ಟಿ ಗುಂಡು ಹಾಕ್ಬಾರ್ದು, ಮುಂದಿನ ಗುಂಡಿನ ಪ್ರೈಮರ್‌ಗೆ (ಕಿಡಿ ಹಚ್ಚೋ ಬುಡ) ಕುಟ್ಟಿ ಒಳಗೇ ಸಿಡೀಬಹುದು, ಚಪ್ಪಟೆ ಮೂತಿಯದ್ದೋ ಅದಕ್ಕಂತಲೇ ಮಾಡಿರೋ ಮೆತ್ತನೆ ತುದಿಯದ್ದೋ ಮಾತ್ರ.

.223 ಅನ್ನೋ ಇನ್ನೂ ಸಣ್ಣ ಗುಂಡು ಬೇಡ. ಟೆಕ್ಸಾಸಲ್ಲಿ ಕಾನೂನಿಗೆ ಅಡ್ಡಿ ಇಲ್ಲ, ಅನುಭವ ಇರೋರು ಹೊಡೀತಾರೂ ಕೂಡ, ಹೊಸಬರಿಗಲ್ಲ. ಬೇರೆ ರಾಜ್ಯಕ್ಕೆ ಹೋದೋರು ಅಲ್ಲಿನ ರೂಲ್ಸ್ ಬೇರೇನೇ ನೋಡ್ಕೋಬೇಕು: ಕೊಲರಾಡೋದಲ್ಲಿ ಜಿಂಕೆಗೆ .24ಕ್ಕಿಂತ ಕಮ್ಮಿ ಕ್ಯಾಲಿಬರ್ ನಡೆಯಲ್ಲ, ಒಹಾಯೋದಲ್ಲಿ ನಾನು ಮೇಲೆ ಹೇಳಿದ ಒಂದೂ ನಡೆಯಲ್ಲ, ಅಲ್ಲಿ ಕುತ್ತಿಗೆ ಸಣ್ಣ ಆಗದ, ನೇರ ಗೋಡೆಯ ಕೇಸೇ ಆಗ್ಬೇಕು, ಅಂಥವರಿಗೆ 2019ರಲ್ಲಿ ಬಂದ .350 ಲೆಜೆಂಡ್ ಇದೆ, ಒದೆತಾನೂ ಕಮ್ಮಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡೇ ಇಲ್ಲ, ತಾಮ್ರದ್ದು ತಗೋಬೇಕು.

ಕ್ಯಾಲಿಬರ್ ಸರಿ ಇದ್ದೂ ಗನ್ ತಪ್ಪಾದ್ರೆ ಒದೆ ತಪ್ಪಲ್ಲ. ಅಂಗಡಿಯೋನು ಹಗುರ ಇದೆ ಸಾರ್ ಹೊರೋಕೆ ಸುಲಭ ಅಂತ ಆರು ಪೌಂಡಿನ ಮೌಂಟೇನ್ ರೈಫಲ್ ತೋರಿಸ್ತಾನೆ, ಅದೇ ಗುಂಡು ಎಂಟು ಪೌಂಡಿನ ಗನ್ನಿಗಿಂತ ಅದ್ರಲ್ಲಿ ಮೂರನೇ ಒಂದು ಪಾಲು ಜಾಸ್ತಿ ಒದೆಯುತ್ತೆ. ಟೆಕ್ಸಾಸಲ್ಲಿ ನೀವು ಬೆಟ್ಟ ಹತ್ತಲ್ಲ, ಡಬ್ಬ ತರ ಇರೋ ಬ್ಲೈಂಡಲ್ಲಿ (ಅಡಗಿ ಕೂರೋ ಗೂಡು) ಕುರ್ಚಿ ಹಾಕ್ಕೊಂಡು ಕೂತ್ಕೋತೀರ, ತೂಕ ಇದ್ರೆ ಇರ್ಲಿ. ಸ್ಟಾಕ್, ಅಂದ್ರೆ ಭುಜಕ್ಕೆ ಕೊಡೋ ಹಿಂಭಾಗ, ಅದರ ಉದ್ದ ನೋಡಿ, ಅಲ್ಲಿನ ರೈಫಲ್ಲು ಸಾಮಾನ್ಯವಾಗಿ ಟ್ರಿಗರ್‌ನಿಂದ ಹಿಂಬದಿಗೆ ಹದಿಮೂರೂವರೆ ಇಂಚು ಚಿಲ್ರೆ ಇರುತ್ತೆ, ಐದಡಿ ಐದಿಂಚಿನ ನಮ್ಮಂಥೋರಿಗೆ ಅದು ಉದ್ದ, ಭುಜದ ಗುಳಿಗೆ ಕೂರೋ ಬದಲು ತೋಳಿಗೆ ಜಾರುತ್ತೆ, ಅಲ್ಲಿ ಹೊಡೆದ್ರೆ ನೀಲಿ ಕಟ್ಟೋದು ಗ್ಯಾರಂಟಿ. ಯೂತ್ ಅಥವಾ ಕಾಂಪ್ಯಾಕ್ಟ್ ಮಾಡೆಲ್ ಕೇಳೋಕೆ ಯಾಕೆ ನಾಚಿಕೆ? ಒಳ್ಳೇ ರಬ್ಬರ್ ರಿಕಾಯ್ಲ್ ಪ್ಯಾಡ್ ಮೂವತ್ತು ನಲವತ್ತು ಡಾಲರ್‌ಗೆ ಬರುತ್ತೆ. ಮಜಲ್ ಬ್ರೇಕ್ ಅಂತ ನಳಿಗೆ ತುದೀಗೆ ಹಾಕೋದು ಒದೆತ ಚೆನ್ನಾಗಿ ಕಮ್ಮಿ ಮಾಡುತ್ತೆ, ಆದ್ರೆ ಸದ್ದು ಪಕ್ಕಕ್ಕೆ ಹಿಂದಕ್ಕೆ ಬಡಿಯುತ್ತೆ, ಬ್ಲೈಂಡ್ ಒಳಗೆ ಪಕ್ಕದಲ್ಲಿ ಕೂತೋನ ಕಿವಿ ಕೇಳ್ಲೇಬೇಡಿ. ಬ್ರೇಕ್ ಇಲ್ದೇನೂ ರೈಫಲ್ ಸದ್ದು 150 ಡೆಸಿಬಲ್ ದಾಟುತ್ತೆ, ರೇಂಜಲ್ಲಿ ಕಿವಿಯೊಳಗೆ ಪ್ಲಗ್ಗು, ಮೇಲೆ ಇಯರ್ ಮಫ್ಫು, ಎರಡೂ ಹಾಕಿ. ಅರ್ಧ ಫ್ಲಿಂಚ್ ಬರೋದೇ ಸದ್ದಿಗೆ. ಸ್ಕೋಪ್‌ಗೆ ಕಣ್ಣು ತೀರಾ ಹತ್ರ ಇಡ್ಬೇಡಿ, ಮೂರೂವರೆ ಇಂಚಾದ್ರೂ ಜಾಗ ಬಿಡಿ, ಹುಬ್ಬಿನ ಮೇಲೆ ಅರ್ಧಚಂದ್ರ ಮಾಡಿಸ್ಕೊಂಡು ಸೋಮವಾರ ಆಫೀಸಿಗೆ ಹೋದೋರನ್ನ ನೋಡಿದೀನಿ.

ಪ್ರಾಕ್ಟೀಸ್‌ನ .22ರಲ್ಲಿ ಶುರು ಮಾಡಿ, ಒದೆತಾನೇ ಇಲ್ಲ, ಗುಂಡು ಅಗ್ಗ, ಟ್ರಿಗರ್ ಮೆತ್ತಗೆ ಒತ್ತೋದು ಅಲ್ಲೇ ಕೈಗೆ ಹತ್ತುತ್ತೆ. ಆದ್ರೆ ಅದ್ರಲ್ಲಿ ವೈಟ್‌ಟೇಲ್ ಹೊಡೆಯೋದು ಟೆಕ್ಸಾಸಲ್ಲಿ ಕಾನೂನುಬಾಹಿರ, .22 ಥರ ರಿಮ್‌ಫೈರ್ (ಬುಡದ ಅಂಚಲ್ಲಿ ಕಿಡಿ ಹತ್ತೋ ತೋಟಾ) ನಡೆಯಲ್ಲ. ಆಮೇಲೆ ದೊಡ್ಡ ರೈಫಲ್ಲಲ್ಲಿ ಒಂದು ಸಲಕ್ಕೆ ಹದಿನೈದಿಪ್ಪತ್ತು ಗುಂಡಿನ ಮೇಲೆ ಹೋಗ್ಬೇಡಿ. ಜೊತೇಲಿ ಇರೋರಿಗೆ ಹೇಳಿ ನಿಮಗೆ ಗೊತ್ತಾಗದಂಗೆ ನಡುನಡುವೆ ಮದ್ದಿಲ್ಲದ ಡಮ್ಮಿ ತೋಟಾ ತುಂಬಿಸ್ಕೊಳ್ಳಿ, ಡಮ್ಮಿ ಬಂದಾಗ ನಳಿಗೆ ಅಲ್ಲಾಡಿದ್ರೆ ನೀವು ಹೆದರ್ತಿದೀರ ಅಂತಾನೇ ಅರ್ಥ, ವಾಪಸ್ ಇನ್ನೊಂದ್ವಾರ .22ಗೆ ಹೋಗಿ.

ಗುರಿ ಎಲ್ಲಿ ಅಂದ್ರೆ, ಜಿಂಕೆ ಅಡ್ಡ ನಿಂತಿರ್ಬೇಕು, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗ ಮುಗಿಯೋ ಕಡೆ. ಅಲ್ಲಿ ಹೃದಯ, ಶ್ವಾಸಕೋಶ ಸೇರಿ ಎಂಟ್ಹತ್ತು ಇಂಚಿನ ಜಾಗ ಸಿಗುತ್ತೆ. ಸರಿಯಾಗಿ ಬಿದ್ರೂ ಐವತ್ತು ನೂರು ಗಜ ಓಡುತ್ತೆ, ಗಾಬರಿಯಾಗಿ ಹಿಂದೆ ಓಡ್ಬೇಡಿ, ಅರ್ಧ ಗಂಟೆ ಕೂತು ಆಮೇಲೆ ರಕ್ತದ ಜಾಡು ಹಿಡಿದು ಹೋಗಿ. ಗುಂಡು ಒಳಗೆ ಹೋಗಿ ಅರಳೋ ಸಾಫ್ಟ್ ಪಾಯಿಂಟೋ, ಬಾಂಡೆಡ್ಡೋ, ತಾಮ್ರದ್ದೋ ಆಗಿರ್ಲಿ, ಮಿಲಿಟ್ರಿ ತರದ ಫುಲ್ ಮೆಟಲ್ ಜಾಕೆಟ್ ಬೇಡವೇ ಬೇಡ, ಸೂಜಿ ಚುಚ್ಚಿದಂಗೆ ಆಚೆ ಹೋಗ್ಬಿಡುತ್ತೆ. ಇನ್ನೂರು ಗಜದಾಚೆ ನಿಂತಿದ್ರೆ ಬಿಟ್ಬಿಡಿ. ಮತ್ತೆ ದಕ್ಷಿಣ ಟೆಕ್ಸಾಸಲ್ಲಿ ನೀಲ್‌ಗಾಯ್ ಬೇರೆ ಇದಾವೆ, ಇಂಡಿಯಾದಿಂದ ಹೋದ ಇನ್ನೊಂದು ಗಿರಾಕಿ, ಗಂಡು ಇನ್ನೂರು ಕೆಜಿ ದಾಟುತ್ತೆ, ದಪ್ಪ ಚರ್ಮ, ಗುಂಡು ತಿಂದೂ ಓಡೋ ಜಾತಿ. ಆಕ್ಸಿಸ್‌ಗೆ ಸಾಕಾಯ್ತು ಅಂತ .243 ಹಿಡ್ಕೊಂಡು ಅದರ ಹಿಂದೆ ಹೋಗ್ಬೇಡಿ, ಅಲ್ಲಿನ ಗೈಡುಗಳೇ .300 ಮ್ಯಾಗ್ನಮ್ ತಗೊಂಬಾ ಅಂತಾರೆ, ಆ ಕರೆಗೆ ಮೊದಲೆರಡು ವರ್ಷ ಇಲ್ಲ ಅಂದ್ಬಿಡಿ.

ಮಾಂಸದ ವಿಷಯ ಬೇಕಾದಷ್ಟು ಜನ ಕೇಳ್ತಾರೆ. ಆಕ್ಸಿಸ್ ಮಾಂಸಕ್ಕೆ ವಾಸನೆ ಇಲ್ಲ, ಕೊಬ್ಬೂ ಇಲ್ಲ, ಮಟನ್ ತರ ಕೊಬ್ಬಲ್ಲೇ ಬೇಯುತ್ತೆ ಅಂತ ಬಿಟ್ರೆ ಒಣಗುತ್ತೆ, ಕುಕ್ಕರಲ್ಲಿ ತೆಂಗಿನಕಾಯಿ ಮಸಾಲೆ ಹಾಕಿ ಸಾರು ಮಾಡಿ ಮುದ್ದೆ ಜೊತೆ ಹೊಡೀರಿ. ರಾಗಿ ಹಿಟ್ಟು ಅಲ್ಲಿ ಇಂಡಿಯನ್ ಸ್ಟೋರಲ್ಲಿ ಸಿಗುತ್ತೆ, ಇಲ್ಲಿಂದ ಹೊತ್ಕೊಂಡೋಗ್ಬೇಡಿ.

ಕಡೇದಾಗಿ ಊರಿಗೆ ಬರೋ ಟೈಮು. ರೇಂಜಿಗೆ, ಲೀಸಿಗೆ ತಗೊಂಡೋದ ಬ್ಯಾಕ್‌ಪ್ಯಾಕನ್ನೇ ಬೆಂಗಳೂರು ಫ್ಲೈಟಿಗೆ ತರ್ಬೇಡಿ, ಜ್ಯಾಕೆಟ್ ಜೇಬು, ಬ್ಯಾಗಿನ ಸಣ್ಣ ಜಿಪ್ಪು ಎಲ್ಲಾ ಕೊಡವಿ ನೋಡಿ. ಎಲ್ಲೋ ಮೂಲೇಲಿ ಉಳಿದ ಒಂದೇ ಒಂದು ತೋಟಾ ಇಲ್ಲಿ ಏರ್‌ಪೋರ್ಟ್ ಸ್ಕ್ಯಾನರಲ್ಲಿ ಕಂಡ್ರೂ ಆರ್ಮ್ಸ್ ಆಕ್ಟ್ ಕೇಸು, ಮದುವೆಗೆ ಅಂತ ಬಂದೋನು ವಕೀಲರ ಮನೆ ಅಲೀಬೇಕಾಗುತ್ತೆ. ಬೇಟೆಗೆ ಅಂತಲೇ ಒಂದು ಬೇರೆ ಬ್ಯಾಗ್ ಇಟ್ಕೊಳ್ಳಿ, ಅದು ಟೆಕ್ಸಾಸಲ್ಲೇ ಇರ್ಲಿ.