ಹನ್ನೆರಡು ಡಮ್ಮಿ ತೋಟಾಗಳು ಮತ್ತು ಒಂದು ತೆರಿಗೆ ಕ್ರೆಡಿಟ್: ನನ್ನ ಅನುಭವ

ಲಾಸ್ ಏಂಜಲೀಸ್‌ನಲ್ಲಿ ನಾನು ನಿರ್ಮಾಣ ಸಂಯೋಜಕನಾಗಿದ್ದ ಧಾರಾವಾಹಿಗೆ ಕ್ಯಾಲಿಫೋರ್ನಿಯಾದ ತೆರಿಗೆ ಕ್ರೆಡಿಟ್ (ಅಲ್ಲಿ ಚಿತ್ರೀಕರಿಸುವವರಿಗೆ ಸರ್ಕಾರ ಕೊಡುವ ತೆರಿಗೆ ರಿಯಾಯಿತಿ) ಮಂಜೂರಾದಾಗ ಸಂತೋಷ ನಿರ್ಮಾಪಕರದ್ದಾಯಿತು, ಷರತ್ತುಗಳ ಕಡತ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ನಾನು ಸುರಕ್ಷತೆಯ ಕಾಗದಪತ್ರಗಳಿಗೆ ರುಜು ಹಾಕಿಸಿ ಬದಿಗಿಡುತ್ತಿದ್ದವನು.

2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದ ಸಾಂಟಾ ಫೆ ಬಳಿ ‘ರಸ್ಟ್’ ಚಿತ್ರದ ತಾಲೀಮಿನಲ್ಲಿ ರಿವಾಲ್ವರಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಮೃತಪಟ್ಟರು. ಅದರ ಬಳಿಕ 2023ರಲ್ಲಿ ಕ್ಯಾಲಿಫೋರ್ನಿಯಾ ವರ್ಷಕ್ಕೆ 33 ಕೋಟಿ ಡಾಲರಿನ ತೆರಿಗೆ ಕ್ರೆಡಿಟ್ ಯೋಜನೆಯನ್ನು ಮುಂದುವರಿಸಿದ ಮಸೂದೆಯಲ್ಲೇ ಚಿತ್ರೀಕರಣದ ಬಂದೂಕುಗಳ ನಿಯಮಗಳನ್ನೂ ಸೇರಿಸಿತು. ಕ್ರೆಡಿಟ್ ಪಡೆಯುವವರು ಸುರಕ್ಷತಾ ಸಲಹೆಗಾರರನ್ನು ನೇಮಿಸಿ, ಚಿತ್ರೀಕರಣಕ್ಕೆ ಮುಂಚೆ ಅಪಾಯಗಳ ಅಂದಾಜನ್ನೂ ಮುಗಿದ ಮೇಲೆ ವರದಿಯನ್ನೂ ಸಿದ್ಧಪಡಿಸಬೇಕೆಂಬ ಪ್ರಾಯೋಗಿಕ ವ್ಯವಸ್ಥೆ 2025ರ ಜುಲೈ 1ರಿಂದ ಶುರುವಾಯಿತು.

ಸಲಹೆಗಾರರೂ ನಾನೂ ಕೂತು ಚಿತ್ರಕಥೆಯಲ್ಲಿ ಬಂದೂಕು ಕಾಣುವ ಪ್ರತಿ ಪುಟಕ್ಕೂ ಕೆಂಪು ಗುರುತು ಹಾಕಿ, ಇಲ್ಲಿ ನಿಜವಾದ ಬಂದೂಕೇ ಬೇಕೇ ಎಂದು ಒಂದೊಂದಾಗಿ ಕೇಳುತ್ತ ಹೋದೆವು. ಸೊಂಟದಲ್ಲಿ ಸಿಕ್ಕಿಸುವುದಕ್ಕೆ ರಬ್ಬರಿನದು ಸಾಕಾಯಿತು. ಬ್ಲ್ಯಾಂಕ್‌ಗಳನ್ನು, ಅಂದರೆ ಮದ್ದಷ್ಟೇ ಇರುವ ತೋಟಾಗಳನ್ನು, ಪೂರ್ತಿ ಕೈಬಿಟ್ಟು ನಳಿಕೆಯ ಬೆಂಕಿಯನ್ನು ಗ್ರಾಫಿಕ್ಸ್‌ನವರಿಗೆ ಬಿಟ್ಟೆವು, ಏಕೆಂದರೆ ಗುಂಡಿಲ್ಲದ ಬ್ಲ್ಯಾಂಕ್ ಕೂಡ ಹತ್ತಿರದಿಂದ ಕೊಲ್ಲುತ್ತದೆಂಬುದು 1984ರಲ್ಲಿ ನಟ ಜಾನ್-ಎರಿಕ್ ಹೆಕ್ಸಮ್ ಅವರ ಸಾವಿನಿಂದಲೇ ಗೊತ್ತಿರುವ ಸಂಗತಿ. ಉಳಿದದ್ದು ಎರಡು ರಿವಾಲ್ವರ್‌ಗಳ ಕ್ಲೋಸ್‌ಅಪ್ ಮಾತ್ರ. ಎದುರಿನಿಂದ ನೋಡಿದರೆ ರಿವಾಲ್ವರಿನ ಗೂಡುಗಳೊಳಗಿನ ಗುಂಡಿನ ತುದಿ ಕಾಣುವುದರಿಂದ ಅಲ್ಲಿ ಡಮ್ಮಿ ತೋಟಾ ತುಂಬಲೇಬೇಕು, ಅಪಾಯವಿರುವುದೂ ಅಲ್ಲೇ: ಡಮ್ಮಿ ನೋಡಲು ಥೇಟ್ ನಿಜವಾದ ತೋಟಾದಂತಿರುತ್ತದೆ. ಮದ್ದಿನ ಬದಲು ಒಳಗೆ ಚಿಕ್ಕ ಲೋಹದ ಗೋಲಿಯೊಂದನ್ನು ಹಾಕಿರುವ ಬಗೆಯ ಡಮ್ಮಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ, ಡಮ್ಮಿ ಹೌದೆಂದು ತಿಳಿಯುವುದು ಆ ಸದ್ದಿನಿಂದ.

ಕೊಡಗಿನಲ್ಲಿ ಹುಟ್ಟಿದ ನನಗೆ ಕೋವಿ ಹೊಸದೇನಲ್ಲ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುವ ಮನೆ ನಮ್ಮದು. ಗೋಡೆಯಿಂದ ಇಳಿಸಿದ ಕೋವಿಯ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡದೆ ಅಪ್ಪ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಆದರೂ ಆ ಕ್ಲೋಸ್‌ಅಪ್ ತೆಗೆಯುವ ದಿನ ನನಗೆ ಅವಸರವಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಬೆಳಗಿನ ಸುರಕ್ಷತಾ ಸಭೆಯಲ್ಲಿ ನಮ್ಮ ಆರ್ಮರರ್ (ಚಿತ್ರೀಕರಣದ ಬಂದೂಕುಗಳ ಹೊಣೆ ಹೊತ್ತವರು) ಹನ್ನೆರಡು ಡಮ್ಮಿಗಳನ್ನು ನಟರ ಮತ್ತು ಕ್ಯಾಮೆರಾದವರ ಎದುರಿಗೇ ಒಂದೊಂದಾಗಿ ಅಲ್ಲಾಡಿಸಿದರು. ಹನ್ನೊಂದನೆಯದು ಸದ್ದು ಮಾಡಲಿಲ್ಲ. ಅದೊಂದನ್ನು ಬಿಟ್ಟು ಮಿಕ್ಕವುಗಳಲ್ಲಿ ಚಿತ್ರೀಕರಿಸೋಣ ಎಂದು ಸಹಾಯಕ ನಿರ್ದೇಶಕರು ಹೇಳಿದಾಗ ನಾನೂ ತಲೆಯಾಡಿಸಿದೆ. ಆರ್ಮರರ್ ಇಡೀ ಪೆಟ್ಟಿಗೆಯನ್ನೇ ಬೀಗ ಹಾಕಿ ಎತ್ತಿಟ್ಟು, ಬಾಡಿಗೆಗೆ ಕೊಟ್ಟವರಿಂದ ಬೇರೆ ಪೆಟ್ಟಿಗೆ ತರಿಸಬೇಕೆಂದರು. ಹಿಂದಿನ ಕೆಲಸಗಳಲ್ಲಾಗಿದ್ದರೆ ಇಂಥ ಮಾತು ಅಲ್ಲೇ ಚೌಕಾಸಿಗೆ ಇಳಿಯುತ್ತಿತ್ತು. ಈ ಸಲ ಸಲಹೆಗಾರರು ಪಕ್ಕದಲ್ಲೇ ನಿಂತು ಬರೆದುಕೊಳ್ಳುತ್ತಿದ್ದರು, ಆ ಬರಹ ಕ್ರೆಡಿಟ್‌ನ ಕಡತಕ್ಕೆ ಸೇರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎರಡು ಗಂಟೆ ಸುಮ್ಮನೆ ಕೂತೆವು. ಹಣದ ಭಯದಿಂದ ಹುಟ್ಟಿದ ಆ ತಾಳ್ಮೆ ನನಗೆ ತೀರಾ ಹೆಮ್ಮೆಯ ವಿಷಯವೇನಲ್ಲ, ಆದರೆ ಕೆಲಸಕ್ಕೆ ಬಂತು.

ಸಂಜೆ ಆರ್ಮರರ್ ಆ ತೋಟಾವನ್ನು ಬಿಚ್ಚಿದಾಗ ಒಳಗೆ ಮದ್ದಿರಲಿಲ್ಲ. ಲೋಹದ ಗೋಲಿ ಹಾಕಲು ಯಾರೋ ಮರೆತಿದ್ದರು, ಅಷ್ಟೇ. ಏನೂ ಆಗಿರಲಿಲ್ಲವಲ್ಲ, ಅಂತಿಮ ವರದಿಯಲ್ಲಿ ಅದನ್ನೇಕೆ ಬರೆಯಬೇಕೆಂದು ನಿರ್ಮಾಪಕರು ಕೇಳಿದರು. ಸದ್ದು ಮಾಡದ ತೋಟಾ ಒಂದು, ಕಳೆದ ಸಮಯ ಎರಡು ಗಂಟೆ, ಮುಂದುವರಿಯೋಣ ಎಂದವರಲ್ಲಿ ಸಂಯೋಜಕನೂ ಒಬ್ಬ ಎಂದು ನಾನು ಬರೆದುಕೊಟ್ಟೆ. ಸಲಹೆಗಾರರು ಅದರ ಕೆಳಗೆ ರುಜು ಹಾಕಿದರು.