ಹೆಸರಿನ ಬೆನ್ನು ಬಿಟ್ಟು ಸರ್ವೆ ನಂಬರಿನ ಬೆನ್ನು ಹಿಡಿದದ್ದು

ಮುತ್ತಜ್ಜನ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿದ್ದ ಮಾತು ಒಂದೇ: ಧಾತು ಈಶ್ವರ ಬರದಲ್ಲಿ ತಾಯಿಯ ಕಂಕುಳಲ್ಲಿ ಮದ್ದೂರು ಸೀಮೆಗೆ ಬಂದ ಒಂಟಿ ಕೂಸು ಅವನು ಎಂಬುದು. ಧಾತು, ಈಶ್ವರ ಸಂವತ್ಸರಗಳೆಂದರೆ 1876ರಿಂದ 1878ರವರೆಗಿನ ಕಾಲ. ಆ ಬರ ಎಂಥದೆಂಬುದಕ್ಕೆ ಮೈಸೂರು ಸಂಸ್ಥಾನದ ಜನಗಣತಿಯೇ ಸಾಕ್ಷಿ. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆದರೆ ಜನಗಣತಿಯ ವರದಿಗಳಲ್ಲಿ ಅಂಕಿಗಳು ಸಿಗುತ್ತವೆಯೇ ಹೊರತು ಒಬ್ಬ ರೈತನ ಹೆಸರು ಸಿಗುವುದಿಲ್ಲ. ಅದಕ್ಕೆ ಬೇರೆ ಕಾಗದಗಳನ್ನೇ ಹುಡುಕಬೇಕು.

ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ ಇರುವುದರಿಂದ ಹೆಸರಿನ ಬೆನ್ನು ಹಿಡಿದು ಹೊರಟವನು ಬೇಗ ದಾರಿ ತಪ್ಪುತ್ತಾನೆ. ಮುತ್ತಜ್ಜನ ಹೆಸರು, ‘ಬಿನ್’ ಎಂದು ಬರೆದ ಅವನ ತಂದೆಯ ಹೆಸರು, ಎರಡೂ ಸೇರಿದ ಅದೇ ಜೋಡಿ ನನ್ನ ತಂದೆಯ ಪಹಣಿಯಲ್ಲೂ ಇದೆ. ದಾಯಾದಿಗಳ ಮನೆಯಲ್ಲೂ ಅದೇ ಹೆಸರಿನವರಿದ್ದಾರೆ. ಆದ್ದರಿಂದ ನಾನು ಹೆಸರನ್ನು ಬದಿಗಿಟ್ಟು, ಇಂದಿಗೂ ನಮ್ಮ ಸ್ವಾಧೀನದಲ್ಲಿರುವ ಒಂದು ಹೊಲದ ಸರ್ವೆ ನಂಬರನ್ನು ಹಿಡಿದುಕೊಂಡೆ. ಜನ ಸಾಯುತ್ತಾರೆ, ಊರು ಬಿಡುತ್ತಾರೆ. ಹೊಲ ಹಿಸ್ಸಾ ಆದರೂ ಮೂಲ ನಂಬರು ಅದರೊಳಗೆ ಉಳಿದಿರುತ್ತದೆ.

ಈಗಿನ ಪಹಣಿಯಿಂದ ಹಿಂದಕ್ಕೆ, ಕೈಬರಹದ ಪಹಣಿಗಳು, ಅವಕ್ಕೂ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳು, ಹೀಗೆ ಒಂದೊಂದರ ದೃಢೀಕೃತ ನಕಲಿಗೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಡುತ್ತಾ ಹೋದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕಿಂತ ಹಿಂದಿನ ಕಾಗದಗಳ ತಲೆಬರಹದಲ್ಲಿ ಮೈಸೂರು ಜಿಲ್ಲೆಯೆಂದೇ ಇರುತ್ತದೆ ಎಂಬುದನ್ನು ಹುಡುಕುವವರು ಗಮನದಲ್ಲಿಡಬೇಕು. ರೆಕಾರ್ಡ್ ಆಫ್ ರೈಟ್ಸ್‌ನಲ್ಲಿ ಹಕ್ಕು ಹೇಗೆ ಬಂತೆಂದು ಬರೆಯುವ ಕಡೆ ಒಂದು ನೋಂದಾಯಿತ ಕ್ರಯಪತ್ರದ ನಂಬರು ಕಾಣಿಸಿತು. ಅದನ್ನು ಉಪನೋಂದಣಾಧಿಕಾರಿ ಕಚೇರಿಗೆ ಒಯ್ದಾಗ ಹಳೆಯ ಸಂಪುಟದಲ್ಲಿ ಪತ್ರದ ಪ್ರತಿ ಸಿಕ್ಕಿತು.

ಆ ಪತ್ರವನ್ನು ನಾನು ಓದಿದಷ್ಟು ನಿಧಾನವಾಗಿ ಬೇರೆ ಯಾವ ಕಾಗದವನ್ನೂ ಓದಿಲ್ಲ. ಪರಾಭವ ಸಂವತ್ಸರದ ಮಾಘ ಮಾಸ, ಅಂದರೆ 1907ರ ಆರಂಭ. ಬರೆಸಿಕೊಂಡವನು ಮುತ್ತಜ್ಜ; ‘ವಯಸ್ಸು ಸುಮಾರು 55, ಕಸಬು ಬೇಸಾಯ’ ಎಂದಿದೆ. ಪತ್ರ ಬರೆದವನ ಬಿಕ್ಕಲಂ (ಬರೆದದ್ದು ತಾನೆಂಬ ಒಕ್ಕಣೆ), ಸಾಕ್ಷಿಗಳಲ್ಲಿ ಇಬ್ಬರ ರುಜು, ಒಬ್ಬನ ಹೆಬ್ಬೆಟ್ಟಿನ ವಿವರ, ಎಲ್ಲವೂ ಕ್ರಮವಾಗಿವೆ. ಹಳೆಯ ಪತ್ರಗಳಲ್ಲಿ ವಯಸ್ಸನ್ನು ಐದು ಹತ್ತರ ಲೆಕ್ಕಕ್ಕೆ ಸರಿಹೊಂದಿಸಿ ಬರೆಯುತ್ತಿದ್ದರೆಂದು ಐದು ವರ್ಷ ಆಚೀಚೆ ಬಿಟ್ಟರೂ ಅವನು ಹುಟ್ಟಿದ್ದು 1850ರ ಆಸುಪಾಸಿನಲ್ಲಿ. ಹಾಗಾದರೆ ಬರದ ಕಾಲಕ್ಕೆ ಅವನು ಕಂಕುಳ ಕೂಸಾಗಿರಲು ಸಾಧ್ಯವಿಲ್ಲ. ಇಪ್ಪತ್ತು ದಾಟಿದ, ದುಡಿಯಬಲ್ಲ ಗಂಡಸಾಗಿದ್ದ.

ಇದಕ್ಕಿಂತಲೂ ಹೆಚ್ಚು ಹೇಳಿದ್ದು ಪತ್ರದ ಕೊನೆಯ ಚೆಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ. ಸಾಮಾನ್ಯವಾಗಿ ಓದುವವರು ಅದನ್ನು ಹಾರಿಸಿಬಿಡುತ್ತಾರೆ. ನನ್ನ ಅನುಭವದಲ್ಲಿ ಇಡೀ ಪತ್ರದ ತಿರುಳೇ ಅಲ್ಲಿರುತ್ತದೆ. ಪೂರ್ವಕ್ಕೆ ಸರ್ಕಾರಿ ಬೀಳು, ದಕ್ಷಿಣಕ್ಕೆ ಹಳ್ಳ, ಪಶ್ಚಿಮಕ್ಕೆ ಮಾರಿದವರ ಉಳಿಕೆ ಹೊಲ, ಉತ್ತರಕ್ಕೆ ‘ಕೊಂಡವರ ಅಣ್ಣನ ಜಮೀನು’ ಎಂದು ಅಣ್ಣನ ಹೆಸರಿನೊಂದಿಗೆ ಬರೆದಿತ್ತು. ಒಂಟಿ ಎನಿಸಿಕೊಂಡವನಿಗೆ ಒಬ್ಬ ಅಣ್ಣನಿದ್ದ, ಅವನ ಹೊಲ ಪಕ್ಕದಲ್ಲೇ ಇತ್ತು!

ಆ ಅಣ್ಣನನ್ನು ಖಚಿತಪಡಿಸಿದ್ದು ಕಚೇರಿಯ ಕಾಗದವಲ್ಲ. ಸುಗ್ಗಿ ಮುಗಿದ ಮೇಲೆ ಒಕ್ಕಲುಗಳ ಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ಇನ್ನೂ ನಮ್ಮ ಕಡೆ ತಿರುಗಾಡುತ್ತಾರೆ. ಜಗಲಿಯ ಮೇಲೆ ಕೂತು ಬಟ್ಟೆಯ ಗಂಟು ಬಿಚ್ಚಿದ ಹಿರಿಯರು ಮೊದಲು ಬೆಡಗನ್ನೂ (ಕುಲದ ಒಳಪಂಗಡ) ಮೂಲ ಊರನ್ನೂ ಹೇಳಿ, ಆಮೇಲೆ ತಲೆಮಾರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ನಾನು ಯಾವ ಹೆಸರನ್ನೂ ಬೇಕೆಂದೇ ಮುಂಚಿತವಾಗಿ ಹೇಳಿರಲಿಲ್ಲ. ಹೇಳಿದರೆ ಕೇಳಿದವರಿಗೆ ಬೇಕಾದ ಉತ್ತರವೇ ಬರುವ ಅಪಾಯವಿರುತ್ತದೆ. ಅವರು ಇಬ್ಬರು ಅಣ್ಣತಮ್ಮಂದಿರನ್ನು ಹೇಳಿದರು, ಹಿರಿಯವನ ಹೆಸರು ಚೆಕ್ಕುಬಂದಿಯ ಹೆಸರಿಗೆ ಸರಿಹೊಂದಿತು. ಹೆಣ್ಣುಮಕ್ಕಳ ಹೆಸರು ಮಾತ್ರ ಆ ಒಪ್ಪಣೆಯಲ್ಲಿ ಇರಲಿಲ್ಲ. ಮುತ್ತಜ್ಜಿಯ ಹೆಸರು ನನಗೆ ಸಿಕ್ಕಿದ್ದು ಆಮೇಲಿನ ಒಂದು ಭೋಗ್ಯಪತ್ರದಲ್ಲಿ, ಗಂಡನ ಹೆಸರಿಗೆ ಮೊದಲು ಬರೆಯುವ ‘ಕೋಂ’ (ಇಂಥವನ ಹೆಂಡತಿ) ಎಂಬ ಗುರುತಿನೊಂದಿಗೆ.

ಇಬ್ಬರು ದುಡಿಯುವ ಗಂಡಸರು ಬರದಲ್ಲಿ ಇಲ್ಲಿಗೇ ಏಕೆ ಬಂದರು ಎಂಬುದಕ್ಕೆ ಆ ಕಾಲದ ಚರಿತ್ರೆ ಒಂದು ಉತ್ತರ ಕೊಡುತ್ತದೆ. ಮದ್ದೂರಿನ ಮೇಲೆ ಹಾದು 1882ರಲ್ಲಿ ಮೈಸೂರು ಮುಟ್ಟಿದ ಬೆಂಗಳೂರು–ಮೈಸೂರು ರೈಲುಹಾದಿಯ ಮಣ್ಣು ಕೆಲಸವನ್ನು ಕ್ಷಾಮ ಪರಿಹಾರದ ಕಾಮಗಾರಿಯಾಗಿ ಮಾಡಿಸಿದ್ದರು. ಬರ ಕಳೆದ ಮೇಲೆ ಉಳುವವರಿಲ್ಲದೆ ಬೀಳುಬಿದ್ದ ಜಮೀನಿಗೂ ಕೊರತೆ ಇರಲಿಲ್ಲ. ಕೂಲಿಗೆ ಬಂದವರು ಇಲ್ಲೇ ಬೇರೂರಿದರು ಎಂದುಕೊಳ್ಳಲು ಇಷ್ಟು ಸಾಕು. ಆದರೆ ಅವರ ಹೆಸರಿರುವ ಕೂಲಿಪಟ್ಟಿ ನನ್ನ ಕೈಗೆ ಬಂದಿಲ್ಲ. ಆದ್ದರಿಂದ ವಂಶಾವಳಿಯ ನನ್ನ ಪುಸ್ತಕದಲ್ಲಿ ಇದನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ಕ್ರಯಪತ್ರದಿಂದ ಬಂದದ್ದನ್ನು ಮಸಿಯಲ್ಲಿ.

ಸಾವಿನ ವರ್ಷವೂ ಪೆನ್ಸಿಲ್ಲಿನಲ್ಲೇ ಇದೆ. ಪೌತಿ ಖಾತೆಯ, ಅಂದರೆ ಸತ್ತವರ ಖಾತೆ ವಾರಸುದಾರರ ಹೆಸರಿಗೆ ಆಗುವುದರ, ದಿನಾಂಕ ಖಾತೆ ಬದಲಾದ ದಿನದ್ದು. ಎಷ್ಟೋ ಮನೆಗಳಲ್ಲಿ ಸತ್ತು ಹಲವು ವರ್ಷಗಳಾದ ಮೇಲೆ ಅದು ಆಗುತ್ತದೆ. ಮುತ್ತಜ್ಜ ಕೊನೆಯದಾಗಿ ರುಜು ಹಾಕಿದ್ದು 1914ರ ಪತ್ರಕ್ಕೆ. 1921ರ ಪತ್ರದಲ್ಲಿ ಮಕ್ಕಳೇ ಬರೆಸಿಕೊಟ್ಟವರು. ನಡುವೆ 1918ರ ಇನ್‌ಫ್ಲುಯೆಂಜಾ ಬಂದು ಹೋಗಿರುವುದರಿಂದ ‘ಬೇನೆಯಲ್ಲಿ ಹೋದ’ ಎಂದು ಬರೆದುಬಿಡಲು ಮನೆಯವರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ, 1914 ಮತ್ತು 1921ರ ನಡುವೆ ಎಂದಷ್ಟೇ ಬರೆದೆ.

ಹೆಳವರು ಹೇಳಿದ ಮೂಲ ಊರು ಬೇರೆ ತಾಲ್ಲೂಕಿನಲ್ಲಿದೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಬರಕ್ಕೆ ಮುಂಚೆಯೇ ಆ ಊರಿನ ಅಳತೆ ಮುಗಿದಿದ್ದರೆ ಅಲ್ಲಿನ ಹಳೆಯ ಸರ್ವೆ ಕಾಗದಗಳಲ್ಲಿ ಈ ಅಣ್ಣತಮ್ಮಂದಿರ ತಂದೆ ಇರಬೇಕು. ಅಲ್ಲಿನ ಸರ್ವೆ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ.